ಅಪಘಾತದ ಸಿಸಿಟಿವಿ ವಿಡಿಯೊ ಅಳಿಸಿಹೋಗುವ ಮೊದಲು: ಪರಿಹಾರದ ಕೇಸಿಗೆ ಸಾಕ್ಷ್ಯ ಪಡೆಯುವ ಸಮಗ್ರ ಮಾರ್ಗದರ್ಶಿ

"ಅಪಘಾತ ಆಗಿ ಎರಡು ತಿಂಗಳಾಯ್ತು. ಎದುರಿನ ಬೇಕರಿಯಲ್ಲಿ ಕ್ಯಾಮೆರಾ ಇತ್ತು. ಆ ವಿಡಿಯೊ ಹೇಗೆ ಪಡೆಯೋದು?"

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನ ಸಲ ಉತ್ತರ ಒಂದೇ: ಅದು ಈಗ ಇಲ್ಲ. ಯಾರೂ ಬೇಕೆಂದು ಅಳಿಸಿದ್ದಲ್ಲ. ಡಿಸ್ಕ್ ತುಂಬಿತು, ಹೊಸ ದೃಶ್ಯ ಹಳೆಯದರ ಮೇಲೆ ಕೂತಿತು, ಅಷ್ಟೆ.

ನನ್ನ ಅಣ್ಣನ ಕಾರಿಗೆ ಸರ್ವಿಸ್ ರಸ್ತೆಯಲ್ಲಿ ಟೆಂಪೊ ಗುದ್ದಿದಾಗ ನಾವೂ ಇದೇ ತಪ್ಪು ಮಾಡಿದೆವು. ಅಣ್ಣನಿಗೆ ಎರಡು ಆಪರೇಷನ್ ಆಯಿತು. ನಾನು ಆಸ್ಪತ್ರೆಯಲ್ಲೇ ಇದ್ದೆ. ಹನ್ನೆರಡನೇ ದಿನ ಆ ಜಾಗಕ್ಕೆ ಹೋದಾಗ ಅಂಗಡಿಯವರು ಪಾಪ ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ತೆರೆದು ತೋರಿಸಿದರು. ಅದರಲ್ಲಿ ಒಂಬತ್ತು ದಿನದ ದೃಶ್ಯ ಮಾತ್ರ ಉಳಿದಿತ್ತು. ಮುಂದೆ ಟೆಂಪೊ ಚಾಲಕ "ಕಾರೇ ಅಡ್ಡ ಬಂತು" ಎಂದ. ಅದನ್ನು ಸುಳ್ಳೆಂದು ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ವಿಡಿಯೊ ಉಳಿಸುವುದು ಬೇರೆ ಕೆಲಸ, ಪಡೆಯುವುದು ಬೇರೆ ಕೆಲಸ. ಜನ ಹೋದ ತಕ್ಷಣ "ಕಾಪಿ ಕೊಡಿ" ಎನ್ನುತ್ತಾರೆ, ಅವರು ಕೊಡಲ್ಲ ಎನ್ನುತ್ತಾರೆ, ಜಗಳ ಆಗುತ್ತದೆ, ದಿನ ಕಳೆಯುತ್ತದೆ. ಮೊದಲು ಅಳಿಸದಂತೆ ನೋಡಿಕೊಳ್ಳಿ. ಕಾಪಿ ಆಮೇಲೆ, ಸರಿಯಾದ ದಾರಿಯಲ್ಲಿ ಬರುತ್ತದೆ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ. ಕ್ರಮ ತಪ್ಪಿಸಬೇಡಿ.

## ಎಷ್ಟು ದಿನ ಇದೆ?

ಒಂದು ಸಣ್ಣ ಲೆಕ್ಕ ನೋಡಿ. ಅಂಗಡಿಯಲ್ಲಿ ನಾಲ್ಕು ಕ್ಯಾಮೆರಾ ಇವೆ, ಒಂದೊಂದೂ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಸೆಕೆಂಡಿಗೆ 1 ಮೆಗಾಬೈಟ್. ದಿನಕ್ಕೆ ಸುಮಾರು 86 ಗಿಗಾಬೈಟ್. 1 ಟೆರಾಬೈಟ್ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿತು. ಎಂಟು ಕ್ಯಾಮೆರಾ ಇದ್ದರೆ ಆರು ದಿನವೂ ಇಲ್ಲ. ಮೆಮೊರಿ ಕಾರ್ಡ್ ಹಾಕಿದ ಸಣ್ಣ ವೈಫೈ ಕ್ಯಾಮೆರಾದಲ್ಲಿ ಎರಡು ಮೂರು ದಿನ ಸಿಕ್ಕರೆ ಪುಣ್ಯ.

ಇನ್ನೊಂದು ಕಡೆ, ಪರಿಹಾರದ ಅರ್ಜಿಗೆ ತಿಂಗಳುಗಟ್ಟಲೆ ಸಮಯ ಇದೆ. ಮೋಟಾರು ವಾಹನ ಕಾಯ್ದೆ, 1988ರ ಕಲಂ 166(3)ರ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರು ತಿಂಗಳಿದೆಯಲ್ಲ ಎಂಬ ಧೈರ್ಯವೇ ಜನರನ್ನು ಕೆಡಿಸುತ್ತದೆ. ಅರ್ಜಿ ಕಾಯುತ್ತದೆ, ಹಾರ್ಡ್ ಡಿಸ್ಕ್ ಕಾಯುವುದಿಲ್ಲ.

ಆದ್ದರಿಂದ ಹಂತ 1ರಿಂದ 6 ಮೊದಲ 72 ಗಂಟೆಯಲ್ಲಿ ಮುಗಿಯಬೇಕು. ಉಳಿದದ್ದಕ್ಕೆ ಅಷ್ಟು ಆತುರ ಬೇಡ.

## ಬೇಕಾದ ಸಾಮಾನು

ಅಂಗಡಿಯಿಂದ ಹೊಸದಾಗಿ ತಂದ 32 ಗಿಗಾಬೈಟ್‌ನ ಎರಡು ಪೆನ್‌ಡ್ರೈವ್. ಅದಕ್ಕಿಂತ ದೊಡ್ಡದನ್ನು ಹಲವು ಹಳೆಯ ಡಿವಿಆರ್‌ಗಳು ಗುರುತಿಸುವುದೇ ಇಲ್ಲ. ಒಂದು ನೋಟ್‌ಬುಕ್. ಪತ್ರದ ಹತ್ತು ಹದಿನೈದು ಪ್ರತಿ. ಗಾಯಾಳುವಿನ ಗುರುತಿನ ಚೀಟಿಯ ಜೆರಾಕ್ಸ್, ಎಫ್ಐಆರ್ ಆಗಿದ್ದರೆ ಅದರ ಪ್ರತಿ. ಒಂದು ಲ್ಯಾಪ್‌ಟಾಪ್ ಸಿಕ್ಕರೆ ಒಳ್ಳೆಯದು. ಇದಕ್ಕಿಂತ ಜಾಸ್ತಿ ಏನೂ ಬೇಡ.

## ಹಂತ 1: ಮನೆಯಲ್ಲಿ ಒಬ್ಬರನ್ನು ಈ ಕೆಲಸಕ್ಕೇ ಬಿಡಿ

ಗಾಯಾಳು ಹಾಸಿಗೆಯಲ್ಲಿರುತ್ತಾರೆ, ಮನೆಯವರೆಲ್ಲ ಆಸ್ಪತ್ರೆಯಲ್ಲಿರುತ್ತಾರೆ. ಎಲ್ಲರೂ ಅಲ್ಲೇ ಇರಬೇಕು ಎಂದು ಮನಸ್ಸು ಹೇಳುವುದು ಸಹಜ. ಆದರೂ ಒಬ್ಬರು ಎದ್ದು ಹೊರಡಲೇಬೇಕು. ತಮ್ಮನೋ, ಭಾವನೋ, ಅಕ್ಕನ ಮಗಳೋ, ತಾಳ್ಮೆಯಿಂದ ಮಾತಾಡುವವರಾದರೆ ಸಾಕು. ಹೋಗುವ ಮುಂಚೆ ಗಾಯಾಳುವಿನಿಂದ ಎರಡು ಸಾಲಿನ ಅಧಿಕಾರ ಪತ್ರ ಬರೆಸಿಕೊಳ್ಳಿ: "ನನ್ನ ಅಪಘಾತಕ್ಕೆ ಸಂಬಂಧಿಸಿದ ವಿಡಿಯೊ ಮತ್ತು ದಾಖಲೆ ಕೇಳಲು ಇವರಿಗೆ ಒಪ್ಪಿಗೆ ಕೊಟ್ಟಿದ್ದೇನೆ." ಸಹಿ ಆಗದಿದ್ದರೆ ಹೆಬ್ಬೆಟ್ಟು ಸಾಕು.

ಬಂದ ನೆಂಟರೆಲ್ಲ ಒಂದೊಂದು ಅಂಗಡಿಗೆ ಹೋಗಿ ಕೇಳುವುದು ಬೇಡ. ಮೂರನೇ ಸಲ ಕೇಳಿದಾಗ ಅಂಗಡಿಯವರು ಬಾಗಿಲು ಹಾಕಿಕೊಳ್ಳುತ್ತಾರೆ.

## ಹಂತ 2: ಮೊದಲು ನಿಮ್ಮ ಕಾರಿನ ಡ್ಯಾಶ್‌ಕ್ಯಾಮ್

ನಿಮ್ಮ ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಇದು ಮೊದಲ ಗಂಟೆಯ ಕೆಲಸ. ಅದು ಒಂದರಿಂದ ಐದು ನಿಮಿಷದ ತುಣುಕುಗಳಾಗಿ ದಾಖಲಿಸಿ, ಕಾರ್ಡ್ ತುಂಬಿದಾಗ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಗುದ್ದಿದ ತುಣುಕನ್ನು ಅದು ತಾನಾಗಿಯೇ ಬೇರೆ ಫೋಲ್ಡರಿಗೆ ಹಾಕಿ ಲಾಕ್ ಮಾಡಿರಬಹುದು. ಆದರೆ ಗುದ್ದುವುದಕ್ಕೆ ಮುಂಚಿನ ತುಣುಕು ಲಾಕ್ ಆಗಿರದೇ ಇರಬಹುದು. ಯಾರು ಯಾವ ಲೇನಿನಲ್ಲಿದ್ದರು, ಸಿಗ್ನಲ್ ಯಾವ ಬಣ್ಣ ಇತ್ತು ಎಂಬುದು ಅದರಲ್ಲೇ ಇರುವುದು.

ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೆಯಿರಿ. ಆ ಕಾರ್ಡನ್ನು ಮತ್ತೆ ಬಳಸಬೇಡಿ. ಕವರಿನಲ್ಲಿ ಹಾಕಿ ದಿನಾಂಕ ಬರೆದು ಮನೆಯಲ್ಲಿ ಇಡಿ. ನೋಡಬೇಕೆಂದರೆ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡು ಆ ಕಾಪಿ ನೋಡಿ. ಎಸ್‌ಡಿ ಕಾರ್ಡ್ ಅಡಾಪ್ಟರಿನ ಪಕ್ಕದಲ್ಲಿ ಸಣ್ಣ ಲಾಕ್ ಇರುತ್ತದೆ, ಕಾಪಿ ಮಾಡುವ ಮುಂಚೆ ಅದನ್ನು ಕೆಳಗೆ ತಳ್ಳಿ.

ಕಾರು ಟೋ ಆಗಿ ಠಾಣೆಗೋ ಗ್ಯಾರೇಜಿಗೋ ಹೋಗಿದ್ದರೆ ಅದೇ ದಿನ ಅಲ್ಲಿಗೆ ಹೋಗಿ. ಠಾಣೆಯಲ್ಲಿದ್ದರೆ ಕಾರ್ಡನ್ನು ನೀವಾಗಿ ತೆಗೆಯಬೇಡಿ. ತನಿಖಾಧಿಕಾರಿಗೆ ಹೇಳಿ, ಅವರೇ ಮಹಜರಿನಲ್ಲಿ ಬರೆದುಕೊಂಡು ವಶಕ್ಕೆ ತೆಗೆದುಕೊಳ್ಳಲಿ.

ಈ ಹಂತದಲ್ಲಿ ಕೆಲವರಿಗೆ ಇನ್ನೊಂದು ಯೋಚನೆ ಬರುತ್ತದೆ. ವಿಡಿಯೊದಲ್ಲಿ ನಮ್ಮ ತಪ್ಪೂ ಸ್ವಲ್ಪ ಕಾಣುತ್ತಿದೆ, ಅಳಿಸಿಬಿಡೋಣ ಎಂದು. ದಯವಿಟ್ಟು ಬೇಡ. ಸಾಕ್ಷ್ಯವಾಗಿ ಹಾಜರಾಗದಂತೆ ಎಲೆಕ್ಟ್ರಾನಿಕ್ ದಾಖಲೆಯನ್ನು ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 241ರಲ್ಲಿ ಅಪರಾಧ. ಅದಲ್ಲದೆ ನಿಮ್ಮ ಕಡೆಯೂ ಸ್ವಲ್ಪ ತಪ್ಪಿದೆ ಎಂದಾದರೆ ನ್ಯಾಯಮಂಡಳಿ (ಅಪಘಾತ ಪರಿಹಾರದ ಅರ್ಜಿ ತೀರ್ಮಾನಿಸುವ ಕೋರ್ಟು) ಆ ಪಾಲಿನಷ್ಟು ಪರಿಹಾರ ಕಡಿಮೆ ಮಾಡುತ್ತದೆ. ಕೇಸೇ ಬಿದ್ದುಹೋಗುತ್ತದೆ ಎಂದೇನಿಲ್ಲ. ವಕೀಲರಿಗೆ ತೋರಿಸಿ, ಅವರ ಮಾತು ಕೇಳಿ.

## ಹಂತ 3: ಅಪಘಾತದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹಿಡಿಯಿರಿ

"ಸಾಯಂಕಾಲ ಏಳು ಏಳೂವರೆ ಇರಬಹುದು" ಎಂದರೆ ಯಾರೂ ಒಂದು ಗಂಟೆ ಕೂತು ನಿಮಗಾಗಿ ವಿಡಿಯೊ ಹುಡುಕುವುದಿಲ್ಲ. "7 ಗಂಟೆ 22ರಿಂದ 28ರ ನಡುವೆ" ಎಂದರೆ ಹುಡುಕುತ್ತಾರೆ.

ಸಮಯ ಸಿಗುವ ಜಾಗಗಳು ಇವು. ಗಾಯಾಳುವಿನ ಫೋನಿನಲ್ಲಿ ಆ ಹೊತ್ತಿನ ಕರೆಗಳು. 112 ಅಥವಾ 108ಕ್ಕೆ ಯಾರು ಕರೆ ಮಾಡಿದರೋ ಅವರ ಫೋನಿನ ಕಾಲ್ ಲಾಗ್. ಟೋಲ್ ದಾಟಿದಾಗ ಬಂದ ಫಾಸ್ಟ್ಯಾಗ್ ಎಸ್ಎಂಎಸ್. ಫೋನಿನಲ್ಲಿ ಟೈಮ್‌ಲೈನ್ ಆನ್ ಇದ್ದರೆ ಗೂಗಲ್ ಮ್ಯಾಪ್ಸ್. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯದ ದಾಖಲೆ) ಬರೆದ ಸಮಯ. ಆಸ್ಪತ್ರೆಯ ಸಮಯ ಅಪಘಾತದ ಸಮಯ ಅಲ್ಲ, ಆದರೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬಹುದು.

ಇವನ್ನೆಲ್ಲ ನೋಟ್‌ಬುಕ್‌ನಲ್ಲಿ ಒಂದೇ ಪುಟದಲ್ಲಿ ಬರೆಯಿರಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಎಫ್ಐಆರ್‌ನಲ್ಲಿ ಬೇರೆ ಸಮಯ ಬರೆದಿದ್ದರೆ ಈಗಲೇ ತನಿಖಾಧಿಕಾರಿಯ ಗಮನಕ್ಕೆ ತನ್ನಿ. ಮುಂದೆ ಎಫ್ಐಆರ್‌ನಲ್ಲಿ ಒಂದು ಸಮಯ, ವಿಡಿಯೊದಲ್ಲಿ ಇನ್ನೊಂದು ಸಮಯ ಇದ್ದರೆ ಇನ್ಶೂರೆನ್ಸ್ ಕಂಪನಿಯ ವಕೀಲರು ಮೊದಲು ಹಿಡಿಯುವುದು ಅದನ್ನೇ.

## ಹಂತ 4: ನಡೆದುಕೊಂಡು ಹೋಗಿ ಕ್ಯಾಮೆರಾ ಹುಡುಕಿ

ಬೈಕಿನಲ್ಲಿ ಹೋದರೆ ಕ್ಯಾಮೆರಾ ಕಾಣುವುದಿಲ್ಲ. ಗುದ್ದಿದ ಜಾಗದಲ್ಲಿ ನಿಂತು ಸುತ್ತ ತಲೆ ಎತ್ತಿ ನೋಡಿ, ಆಮೇಲೆ ರಸ್ತೆಯ ಎರಡೂ ಬದಿಯಲ್ಲಿ ಇನ್ನೂರು ಮೀಟರ್ ನಡೆಯಿರಿ. ಪೆಟ್ರೋಲ್ ಬಂಕ್, ಎಟಿಎಂ, ಬೇಕರಿ, ದರ್ಶಿನಿ, ಮೆಡಿಕಲ್ ಸ್ಟೋರ್, ವೈನ್ ಶಾಪ್, ಅಪಾರ್ಟ್‌ಮೆಂಟ್ ಗೇಟ್, ಕಲ್ಯಾಣ ಮಂಟಪ, ದೇವಸ್ಥಾನ, ಶಾಲೆಯ ಕಾಂಪೌಂಡ್, ಮನೆಗಳ ಮೊದಲ ಮಹಡಿ. ಪ್ರತಿ ಕ್ಯಾಮೆರಾದ ಫೋಟೊ ತೆಗೆಯಿರಿ. ಅದರ ಕೆಳಗೆ ನಿಂತು ಅದು ನೋಡುತ್ತಿರುವ ದಿಕ್ಕಿನಲ್ಲಿ ರಸ್ತೆಯದ್ದೂ ಒಂದು ಫೋಟೊ ತೆಗೆಯಿರಿ. ಅದಕ್ಕೆ ಏನು ಕಂಡಿರಬಹುದು ಎಂದು ಆಗ ಗೊತ್ತಾಗುತ್ತದೆ.

ಅಪಘಾತದ ಸಮಯದಲ್ಲೇ ಇನ್ನೊಮ್ಮೆ ಹೋಗಿ. ರಾತ್ರಿ ಆಗಿದ್ದರೆ ರಾತ್ರಿಯೇ. ಆ ಹೊತ್ತಿಗೆ ಅಲ್ಲಿ ನಿಲ್ಲುವ ತಳ್ಳುಗಾಡಿಯವರು, ಆಟೋ ಸ್ಟ್ಯಾಂಡಿನವರು, ನೈಟ್ ಡ್ಯೂಟಿ ಸೆಕ್ಯುರಿಟಿಯವರು ಹಗಲು ಸಿಗುವುದಿಲ್ಲ. "ಯಾರಾದ್ರೂ ಮೊಬೈಲಲ್ಲಿ ತೆಗೀತಿದ್ರಾ ಅಣ್ಣಾ?" ಎಂದು ಕೇಳಿ. ಯಾರೋ ತೆಗೆದೇ ಇರುತ್ತಾರೆ.

ಒಂದು ವಿಷಯ ನೆನಪಿರಲಿ. ಗುದ್ದಿದ್ದು ಕಾಣದ ಕ್ಯಾಮೆರಾವೂ ಉಪಯೋಗಕ್ಕೆ ಬರುತ್ತದೆ. ಅರ್ಧ ಕಿಲೋಮೀಟರ್ ಹಿಂದೆ ಅದೇ ಲಾರಿ ಯದ್ವಾತದ್ವಾ ಓಡಿದ್ದು ದಾಖಲಾಗಿದ್ದರೆ, ಗುದ್ದಿ ಓಡಿಹೋದ ಕಾರಿನ ನಂಬರ್ ಮುಂದಿನ ಬಂಕಿನಲ್ಲಿ ಕಂಡಿದ್ದರೆ ಅದೇ ದೊಡ್ಡ ಸಾಕ್ಷ್ಯ. ಗುದ್ದಿ ಓಡಿದ ಕೇಸಿನಲ್ಲಿ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಿಗುವುದು ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ಮಾತ್ರ. ನಂಬರ್ ಸಿಕ್ಕರೆ ಪೂರ್ತಿ ಪರಿಹಾರ ಕೇಳುವ ದಾರಿ ತೆರೆಯುತ್ತದೆ. ಹೀಗಾಗಿ ಗುದ್ದಿ ಓಡಿದ ಕೇಸಿನಲ್ಲಿ ಇನ್ನೂರು ಮೀಟರಿಗೆ ನಿಲ್ಲಬೇಡಿ. ವಾಹನ ಹೋದ ದಿಕ್ಕಿನಲ್ಲಿ ಮುಂದಿನ ಮೂರು ಸರ್ಕಲ್ ತನಕ ನೋಡಿ.

## ಹಂತ 5: ಉಳಿಸಲು ಕೇಳಿ, ಕೊಡಲು ಕೇಳಬೇಡಿ

ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯವರ ಭಯ ಅರ್ಥ ಮಾಡಿಕೊಳ್ಳಿ. ಕೋರ್ಟು ಕಚೇರಿ ಅಲೆದಾಟ, ಎದುರು ಪಾರ್ಟಿಯವರ ಸಿಟ್ಟು, ಪೊಲೀಸರು ಡಿವಿಆರ್ ಒಯ್ದರೆ ಯಾವಾಗ ವಾಪಸ್ ಬರುತ್ತದೋ ಎಂಬ ಚಿಂತೆ. ಇದೆಲ್ಲ ಇರುವಾಗ ಗುರುತಿಲ್ಲದವರು ಬಂದು ಕಾಪಿ ಕೇಳಿದರೆ "ಕ್ಯಾಮೆರಾ ಕೆಲಸ ಮಾಡ್ತಿಲ್ಲ" ಎನ್ನುತ್ತಾರೆ. ಆ ಮಾತು ಒಮ್ಮೆ ಬಾಯಿಂದ ಬಂದರೆ ಮತ್ತೆ ಬದಲಾಯಿಸುವುದು ಕಷ್ಟ.

ಹೀಗೆ ಮಾತಾಡಿ ನೋಡಿ:

"ಅಣ್ಣಾ, ಮೊನ್ನೆ ರಾತ್ರಿ ಇಲ್ಲಿ ಆಕ್ಸಿಡೆಂಟ್ ಆಯ್ತಲ್ಲ, ಅದು ನಮ್ಮ ಅಣ್ಣನಿಗೇ. ಆಸ್ಪತ್ರೆಯಲ್ಲಿದ್ದಾರೆ. ನಿಮ್ಮಿಂದ ಕಾಪಿ ಕೇಳೋಕೆ ಬಂದಿಲ್ಲ. ಪೊಲೀಸರು ಬಂದು ಕೇಳುವ ತನಕ ಆ ಹತ್ತು ನಿಮಿಷ ಅಳಿಸಿಹೋಗದ ಹಾಗೆ ನೋಡ್ಕೊಳ್ಳಿ, ಅಷ್ಟು ಸಾಕು. ಹೊಸ ಪೆನ್‌ಡ್ರೈವ್ ತಂದಿದ್ದೀನಿ. ಅದಕ್ಕೆ ಹಾಕಿ ನಿಮ್ಮ ಗಲ್ಲಾದಲ್ಲೇ ಇಟ್ಕೊಳ್ಳಿ."

ಪೆನ್‌ಡ್ರೈವ್ ಅವರ ಹತ್ತಿರವೇ ಇರುತ್ತದೆ ಎಂದಾಗ ಹೆಚ್ಚಿನವರು ಒಪ್ಪುತ್ತಾರೆ. ನಿಮಗೂ ಇದೇ ಒಳ್ಳೆಯದು. ಯಂತ್ರ ನೋಡಿಕೊಳ್ಳುವವರ ಕೈಯಿಂದ ನೇರ ಪೊಲೀಸರ ಕೈಗೆ ಹೋದ ವಿಡಿಯೊವನ್ನು "ತಿದ್ದಿದ್ದಾರೆ" ಎಂದು ದೂರುವುದು ಕಷ್ಟ.

ಮಾತಿನ ಜೊತೆ ಪತ್ರ ಕೊಡಿ. ಮಾದರಿ ಇದು:

> ಇವರಿಗೆ: ಮಾಲೀಕರು / ವ್ಯವಸ್ಥಾಪಕರು (ಅಂಗಡಿಯ ಹೆಸರು, ವಿಳಾಸ)
>
> ವಿಷಯ: ಸಿಸಿಟಿವಿ ದೃಶ್ಯ ಅಳಿಸದೆ ಉಳಿಸಿಕೊಡಲು ಕೋರಿಕೆ
>
> ಮಾನ್ಯರೇ,
>
> ದಿನಾಂಕ ____ ರಂದು ____ ಗಂಟೆಯ ಸುಮಾರಿಗೆ ನಿಮ್ಮ ಅಂಗಡಿಯ ಮುಂದಿನ ರಸ್ತೆಯಲ್ಲಿ ____ ನಂಬರಿನ ಮತ್ತು ____ ನಂಬರಿನ ವಾಹನಗಳ ನಡುವೆ ಅಪಘಾತವಾಗಿ ____ ಅವರಿಗೆ ಗಾಯವಾಗಿದೆ. ರಸ್ತೆ ಕಡೆ ಮುಖ ಮಾಡಿರುವ ನಿಮ್ಮ ಕ್ಯಾಮೆರಾದಲ್ಲಿ ____ ಗಂಟೆಯಿಂದ ____ ಗಂಟೆಯವರೆಗೆ ದಾಖಲಾದ ದೃಶ್ಯ ಪೊಲೀಸ್ ತನಿಖೆಗೂ ಪರಿಹಾರದ ಅರ್ಜಿಗೂ ಮುಖ್ಯ ಸಾಕ್ಷ್ಯ. ಪೊಲೀಸರು ಅಥವಾ ನ್ಯಾಯಮಂಡಳಿ ಕೇಳುವವರೆಗೆ ಅದನ್ನು ಅಳಿಸದೆ, ತಿದ್ದದೆ ಉಳಿಸಿಕೊಡಬೇಕೆಂದು ಕೋರುತ್ತೇನೆ. ಈ ಪತ್ರದ ಪ್ರತಿಯನ್ನು ____ ಠಾಣೆಗೂ ಕೊಟ್ಟಿದ್ದೇನೆ.
>
> ಸಹಿ, ಹೆಸರು, ಫೋನ್ ನಂಬರ್, ದಿನಾಂಕ

ಒಂದು ಪ್ರತಿಯ ಮೇಲೆ ಅವರ ಸಹಿ ಅಥವಾ ಸೀಲ್ ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಎಂದರೆ ಒತ್ತಾಯ ಬೇಡ, ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬ್ಯಾಂಕ್ ಎಟಿಎಂ ಆದರೆ ಕ್ಯಾಮೆರಾ ಆ ಶಾಖೆಯ ಕೈಯಲ್ಲಿ ಇಲ್ಲದಿರಬಹುದು. ಪತ್ರವನ್ನು ಶಾಖೆಗೂ ಕೊಡಿ, ಎಟಿಎಂ ನಂಬರ್ ಬರೆದು ಬ್ಯಾಂಕಿಗೆ ಈಮೇಲ್ ಕೂಡ ಮಾಡಿ.

ದೊಡ್ಡ ಮಳಿಗೆ, ಮಾಲ್, ಆಸ್ಪತ್ರೆ, ಕಲ್ಯಾಣ ಮಂಟಪಗಳ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾನೂನಿನ ಬಲ ಇದೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆ, 2017ರ ಪ್ರಕಾರ ಒಟ್ಟಿಗೆ 100 ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ದೃಶ್ಯವನ್ನು 30 ದಿನ ಇಡಬೇಕು, ಪೊಲೀಸ್ ಇನ್‌ಸ್ಪೆಕ್ಟರ್ ಕೇಳಿದಾಗ ಕೊಡಬೇಕು. ಇಂಥ ಜಾಗಕ್ಕೆ ಕೊಡುವ ಪತ್ರದಲ್ಲಿ ಈ ಕಾಯ್ದೆಯ ಹೆಸರು ಬರೆಯಿರಿ. ಸಣ್ಣ ಬೇಕರಿಯವರ ಮುಂದೆ ಕಾನೂನು ಮಾತಾಡಬೇಡಿ. ಅಲ್ಲಿ ವಿನಯ ಒಂದೇ ಕೆಲಸಕ್ಕೆ ಬರುವುದು.

ದುಡ್ಡು ಕೊಟ್ಟು ವಿಡಿಯೊ ತೆಗೆದುಕೊಳ್ಳಬೇಡಿ. ಪಾಟೀ ಸವಾಲಿನಲ್ಲಿ "ಎಷ್ಟು ಕೊಟ್ಟಿರಿ?" ಎಂಬ ಪ್ರಶ್ನೆ ಬಂದರೆ ಒಳ್ಳೆಯ ಸಾಕ್ಷ್ಯವೂ ಹಾಳಾಗುತ್ತದೆ.

## ಹಂತ 6: ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಅಪಘಾತದ ಕೇಸು ಸಂಚಾರ ಪೊಲೀಸ್ ಠಾಣೆಗೆ ಹೋಗುತ್ತದೆ, ಉಳಿದ ಕಡೆ ಆ ಊರಿನ ಠಾಣೆಗೆ. ಎಫ್ಐಆರ್ ಪ್ರತಿ ದೂರುದಾರರಿಗೂ ಗಾಯಾಳುವಿಗೂ ಉಚಿತ. ಅದರಲ್ಲಿ ಕ್ರೈಂ ನಂಬರ್ ಇರುತ್ತದೆ, ಮುಂದಿನ ಎಲ್ಲ ಪತ್ರದಲ್ಲೂ ಅದನ್ನು ಬರೆಯಿರಿ.

ಈಗ ಹಂತ 4ರಲ್ಲಿ ಮಾಡಿದ ಕ್ಯಾಮೆರಾ ಪಟ್ಟಿಯನ್ನು ಒಂದು ಅರ್ಜಿಯಾಗಿ ತನಿಖಾಧಿಕಾರಿಗೆ ಕೊಡಿ: ಯಾವ ಅಂಗಡಿ, ಯಾವ ದಿಕ್ಕಿನ ಕ್ಯಾಮೆರಾ, ಯಾವ ನಿಮಿಷದಿಂದ ಯಾವ ನಿಮಿಷ, ಎಷ್ಟು ದಿನದಲ್ಲಿ ಅಳಿಸಿಹೋಗುತ್ತದೆ. ಫೋಟೊ ಲಗತ್ತಿಸಿ. "ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರ ಅಡಿ ನೋಟಿಸ್ ಕೊಟ್ಟು ಈ ದೃಶ್ಯಗಳನ್ನು ಪಡೆಯಬೇಕು" ಎಂದು ಸ್ಪಷ್ಟವಾಗಿ ಬರೆಯಿರಿ. ದಾಖಲೆ ಅಥವಾ ಸಾಧನ ಹಾಜರುಪಡಿಸಿ ಎಂದು ಠಾಣಾಧಿಕಾರಿ ಆದೇಶ ಕೊಡಬಹುದಾದ ಕಲಂ ಅದು. ಹಿಂದೆ ಸಿಆರ್‌ಪಿಸಿ 91 ಎನ್ನುತ್ತಿದ್ದರಲ್ಲ, ಅದೇ.

ಠಾಣೆಯಲ್ಲಿ ಕೆಲಸ ಜಾಸ್ತಿ, ಜನ ಕಡಿಮೆ. "ಕ್ಯಾಮೆರಾ ಚೆಕ್ ಮಾಡಿ ಸಾರ್" ಎಂದು ಬಾಯಲ್ಲಿ ಹೇಳಿ ಬಂದರೆ ಅದು ಮರೆತುಹೋಗುತ್ತದೆ. ಹುಡುಕುವ ಕೆಲಸ ನೀವೇ ಮುಗಿಸಿ ಪಟ್ಟಿ ಕೈಗಿಟ್ಟರೆ ಅವರಿಗೂ ಸುಲಭ. ಅರ್ಜಿಯ ನಿಮ್ಮ ಪ್ರತಿಗೆ ಠಾಣೆಯ ಸೀಲ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಪೊಲೀಸರಿಗೂ ಗಡುವುಗಳಿವೆ. 2022ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ ಮೊದಲ ಅಪಘಾತ ವರದಿಯನ್ನು 48 ಗಂಟೆಯಲ್ಲಿ, ಮಧ್ಯಂತರ ವರದಿಯನ್ನು 50 ದಿನದಲ್ಲಿ, ವಿವರವಾದ ವರದಿಯನ್ನು 90 ದಿನದಲ್ಲಿ ಕೊಡಬೇಕು. ವಿವರವಾದ ವರದಿ ನ್ಯಾಯಮಂಡಳಿಗೇ ಹೋಗುತ್ತದೆ. ನಿಮ್ಮ ವಿಡಿಯೊ ಅದರ ಜೊತೆ ಹೋದರೆ ಅರ್ಧ ಕೆಲಸ ಮುಗಿದಂತೆ.

ಮೂರು ದಿನದಲ್ಲಿ ಏನೂ ಆಗದಿದ್ದರೆ ಸೀಲ್ ಇರುವ ಪ್ರತಿ ಲಗತ್ತಿಸಿ ಎಸಿಪಿ ಅಥವಾ ಡಿವೈಎಸ್‌ಪಿ ಕಚೇರಿಗೆ ಕೊಡಿ. ಠಾಣೆಯಲ್ಲಿ ಜೋರು ಮಾಡುವುದರಿಂದ ಏನೂ ಉಪಯೋಗವಿಲ್ಲ.

## ಹಂತ 7: ಸರ್ಕಾರಿ ಕ್ಯಾಮೆರಾ, ಬಸ್, ಟೋಲ್

ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಿಂದ ಸಂಚಾರ ಪೊಲೀಸರ ಐಟಿಎಂಎಸ್ ಕ್ಯಾಮೆರಾಗಳಿವೆ (ಸಂಚಾರ ನಿಯಮ ಮುರಿದವರನ್ನು ತಾನಾಗಿಯೇ ಹಿಡಿಯುವಂಥವು). ಅದಲ್ಲದೆ ಸೇಫ್ ಸಿಟಿ ಯೋಜನೆಯ ಕ್ಯಾಮೆರಾಗಳೂ ಇವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಕ್ಯಾಮೆರಾ ಇವೆ. ಇವುಗಳ ದೃಶ್ಯ ನಿಮ್ಮ ಕೈಗೆ ನೇರವಾಗಿ ಸಿಗುವುದು ಕಷ್ಟ, ತನಿಖಾಧಿಕಾರಿಯ ಮೂಲಕವೇ ಬರಬೇಕು. ಹಂತ 6ರ ಪಟ್ಟಿಯಲ್ಲೇ ಇವನ್ನೂ ಸೇರಿಸಿ.

ಇಲ್ಲಿ ದೊಡ್ಡ ತಪ್ಪು ಎಂದರೆ ಮೊದಲು ಆರ್‌ಟಿಐ ಹಾಕಿ ಕಾಯುತ್ತಾ ಕೂರುವುದು. ಆರ್‌ಟಿಐ ಉತ್ತರಕ್ಕೆ 30 ದಿನ ಸಮಯವಿದೆ. ಅಷ್ಟರಲ್ಲಿ ದೃಶ್ಯ ಹೋಗಿರುತ್ತದೆ. ತನಿಖೆ ನಡೆಯುತ್ತಿದೆ ಎಂದು ಕಲಂ 8(1)(ಎಚ್) ತೋರಿಸಿ ತಿರಸ್ಕರಿಸಲೂಬಹುದು. ಮೊದಲು ಉಳಿಸುವ ಪತ್ರ ಕೊಡಿ. ಆಮೇಲೆ ಬೇಕಾದರೆ ಆರ್‌ಟಿಐ ಹಾಕಿ, ಅದರಲ್ಲಿ "ಈ ದಿನಾಂಕದ ನನ್ನ ಪತ್ರದ ಮೇಲೆ ಏನು ಕ್ರಮ ಆಗಿದೆ?" ಎಂದು ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ.

ಕೆಲವು ಸರ್ಕಾರಿ ಬಸ್ಸುಗಳಲ್ಲಿ ಕ್ಯಾಮೆರಾ ಇರುತ್ತದೆ. ಆ ಹೊತ್ತಿಗೆ ಬಸ್ ಹಿಂದೆಯೋ ಎದುರೋ ಇತ್ತೆಂದು ಯಾರಾದರೂ ಹೇಳಿದರೆ ಬಸ್ಸಿನ ನಂಬರ್ ಅಥವಾ ರೂಟ್ ನಂಬರ್ ಹಿಡಿದು ಆ ಡಿಪೊದ ವ್ಯವಸ್ಥಾಪಕರಿಗೆ ಪತ್ರ ಕೊಡಿ. ರಾಷ್ಟ್ರೀಯ ಹೆದ್ದಾರಿಯಾದರೆ ಟೋಲ್ ಪ್ಲಾಜಾದ ವ್ಯವಸ್ಥಾಪಕರಿಗೂ ಪತ್ರ ಕೊಡಿ. ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿದ್ದರೆ ಆ ಸಮಯವನ್ನೂ ಬರೆಯಿರಿ.

## ಹಂತ 8: ಕಾಪಿ ತೆಗೆಯುವಾಗ

ಅಂಗಡಿಯವರು ಒಪ್ಪಿದರೆ, ಅಥವಾ ಪೊಲೀಸರು ತೆಗೆಯುವಾಗ ನೀವು ಅಲ್ಲಿದ್ದರೆ, ಇವುಗಳ ಮೇಲೆ ಕಣ್ಣಿಡಿ.

ಗಡಿಯಾರ. ಡಿವಿಆರ್ ಸಮಯ ಸರಿ ಇರುವುದು ಅಪರೂಪ. ಡಿವಿಆರ್ ಪರದೆಯ ಸಮಯ ಮತ್ತು ಮೊಬೈಲಿನ ಸಮಯ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ. ಡಿವಿಆರ್ 14 ನಿಮಿಷ ಮುಂದಿದ್ದರೆ 7:25ರ ಅಪಘಾತವನ್ನು 7:39ಕ್ಕೆ ಹುಡುಕಬೇಕು. "ಆ ಸಮಯದಲ್ಲಿ ಏನೂ ಇಲ್ಲವಲ್ಲ" ಎಂದು ನಿರಾಸೆಯಿಂದ ವಾಪಸ್ ಬಂದವರು ಎಷ್ಟೋ ಜನ. ಸಮಯ ತಪ್ಪಿದೆ ಎಂದು ಡಿವಿಆರ್ ಗಡಿಯಾರವನ್ನು ಸರಿಪಡಿಸಲು ಮಾತ್ರ ಹೋಗಬೇಡಿ.

ಉದ್ದ. ಗುದ್ದಿದ ಹತ್ತು ಸೆಕೆಂಡ್ ಸಾಲದು. ಹತ್ತು ನಿಮಿಷ ಮುಂಚೆಯಿಂದ ಹತ್ತು ನಿಮಿಷ ಆಮೇಲಿನವರೆಗೆ ತೆಗೆಯಿರಿ. ಮೇಲಿನ ಲೆಕ್ಕದಲ್ಲಿ ಇದು 300 ಮೆಗಾಬೈಟ್ ಅಷ್ಟೆ. ಕತ್ತರಿಸಿದ ತುಣುಕು ನೋಡಿದವರಿಗೆ ಮೊದಲು ಬರುವ ಅನುಮಾನ, ಉಳಿದದ್ದು ಯಾಕೆ ತೋರಿಸಲಿಲ್ಲ ಎಂಬುದು.

ಮೂಲ ಫೈಲ್. ಡಿವಿಆರ್‌ನ ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಮೆನುವಿನಿಂದಲೇ ತೆಗೆಯಬೇಕು. ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿದ್ದು ಸಾಕ್ಷ್ಯವಾಗಿ ನಿಲ್ಲುವುದು ಬಹಳ ಕಷ್ಟ. ಬೇರೇನೂ ಸಿಗದಿದ್ದಾಗ ನಿಮ್ಮ ನೆನಪಿಗೆ ಮಾತ್ರ ಅದು. ಕೆಲವು ಡಿವಿಆರ್‌ಗಳು ಡಿಎವಿ ಎಂಬ ಮಾದರಿಯ ಫೈಲ್ ಕೊಡುತ್ತವೆ, ಅದು ಸಾಮಾನ್ಯ ಪ್ಲೇಯರಿನಲ್ಲಿ ಓಡದಿರಬಹುದು. ಬದಲಾಯಿಸಬೇಡಿ. ಅದರ ಪ್ಲೇಯರನ್ನೂ ಜೊತೆಗೆ ಅದೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ವಾಟ್ಸಾಪ್. ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ನಂಬರ್ ಪ್ಲೇಟ್ ಮಸುಕಾಗುತ್ತದೆ, ಫೈಲಿನ ಒಳಗಿನ ದಿನಾಂಕದಂಥ ವಿವರ ಹೋಗುತ್ತದೆ. ದಾರಿಹೋಕರು ಮೊಬೈಲಿನಲ್ಲಿ ತೆಗೆದ ವಿಡಿಯೊ ಇದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲವನ್ನು ಅವರ ಫೋನಿನಲ್ಲೇ ಇಟ್ಟುಕೊಳ್ಳಲು ಕೇಳಿಕೊಳ್ಳಿ. ಹತ್ತು ಗ್ರೂಪ್ ದಾಟಿ ಬಂದ ಫಾರ್ವರ್ಡ್ ಆದರೆ ಒಬ್ಬೊಬ್ಬರನ್ನೇ ಕೇಳುತ್ತಾ ಹಿಂದಕ್ಕೆ ಹೋಗಿ ತೆಗೆದವರನ್ನು ಹಿಡಿಯಿರಿ. ಅವರಿಲ್ಲದೆ ಆ ವಿಡಿಯೊ ಯಾರದ್ದು ಎಂದು ಹೇಳುವವರಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ಸಿಟ್ಟು ಇರುತ್ತದೆ, ನನಗೂ ಇತ್ತು. ಆದರೆ ಎದುರು ಪಾರ್ಟಿಗೆ ತಮ್ಮ ಕತೆ ಹೊಂದಿಸಿಕೊಳ್ಳಲು ನೀವೇ ದಾರಿ ತೋರಿಸಿದಂತಾಗುತ್ತದೆ. ವಿಡಿಯೊ ಮೇಲೆ ಕೆಂಪು ವೃತ್ತ ಹಾಕುವುದು, ನಿಧಾನ ಮಾಡುವುದು, ಬೆಳಕು ಹೆಚ್ಚಿಸುವುದು ಯಾವುದೂ ಮೂಲ ಫೈಲಿಗೆ ಬೇಡ.

## ಅಪಾಯದ ಸೂಚನೆಗಳು

ಡಿವಿಆರ್ ಬೀಪ್ ಎನ್ನುತ್ತಿದ್ದರೆ, ಅಥವಾ ದಿನಾಂಕ 2000ನೇ ಇಸವಿ ತೋರಿಸುತ್ತಿದ್ದರೆ ಡಿಸ್ಕಿನಲ್ಲೋ ಒಳಗಿನ ಬ್ಯಾಟರಿಯಲ್ಲೋ ತೊಂದರೆ ಇದೆ. ಪದೇ ಪದೇ ಆನ್ ಆಫ್ ಮಾಡಬೇಡಿ, ಅದೇ ದಿನ ತನಿಖಾಧಿಕಾರಿಗೆ ತಿಳಿಸಿ. ಅಳಿಸಿಹೋದ ದೃಶ್ಯ ಕೆಲವೊಮ್ಮೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಸಿಗಬಹುದು, ಆದರೆ ಡಿಸ್ಕ್ ಅಷ್ಟು ಹೊತ್ತೂ ಬರೆಯುತ್ತಲೇ ಇದ್ದರೆ ಆ ಆಸೆಯೂ ಹೋಗುತ್ತದೆ.

"ಟೆಕ್ನಿಷಿಯನ್ ಬರಬೇಕು, ನಾಳೆ ಬನ್ನಿ" ಎಂದು ಎರಡು ಸಲ ಕೇಳಿದಿರಾ? ಮೂರನೇ ಸಲ ಪೊಲೀಸರ ಜೊತೆಗೇ ಹೋಗಿ.

ದೃಶ್ಯದಲ್ಲಿ ಅಲ್ಲಲ್ಲಿ ಹಾರಿದಂತೆ ಕಂಡರೆ, ಚಲನೆ ಇದ್ದಾಗ ಮಾತ್ರ ದಾಖಲಿಸುವ ಸೆಟ್ಟಿಂಗ್ ಇರಬಹುದು. ಆ ಸೆಟ್ಟಿಂಗಿನ ಪರದೆಯ ಫೋಟೊ ತೆಗೆದಿಡಿ. ಇಲ್ಲದಿದ್ದರೆ ಅದನ್ನೇ "ಕತ್ತರಿಸಿದ್ದಾರೆ" ಎನ್ನುತ್ತಾರೆ.

ಆಸ್ಪತ್ರೆ ಬಾಗಿಲಲ್ಲೇ ಯಾರೋ ಸಿಕ್ಕಿ "ವಿಡಿಯೊ, ಕ್ಲೇಮ್ ಎಲ್ಲ ನಾನೇ ಮಾಡಿಸ್ತೀನಿ, ಇಲ್ಲಿ ಸಹಿ ಹಾಕಿ" ಎಂದರೆ ಖಾಲಿ ವಕಾಲತ್ತಿಗೆ ಸಹಿ ಹಾಕಬೇಡಿ. ವಕೀಲರ ಫೀಸಿಗೆ ಕಷ್ಟವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಹಕ್ಕಿದೆ.

## ಹಂತ 9: ಹ್ಯಾಶ್ ಮತ್ತು ಪ್ರಮಾಣಪತ್ರ

ವಿಡಿಯೊ ಕೈಯಲ್ಲಿದ್ದೂ ಕೇಸಿನಲ್ಲಿ ಉಪಯೋಗವಾಗದೆ ಹೋಗುವುದು ಈ ಹಂತ ಬಿಟ್ಟವರದ್ದು.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಡಿವಿಆರ್‌ನಿಂದ ಪೆನ್‌ಡ್ರೈವ್‌ಗೆ ತೆಗೆದ ಕಾಪಿಯನ್ನು ಹಾಜರುಪಡಿಸಬೇಕಾದರೆ ಅದರ ಕಲಂ 63(4)ರ ಪ್ರಮಾಣಪತ್ರ ಬೇಕು. ಹಳಬರು ಈಗಲೂ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ ಹಿಡಿದು "65ಬಿ ಸರ್ಟಿಫಿಕೇಟ್" ಎನ್ನುತ್ತಾರೆ. ಕಾಯ್ದೆಯ ಕೊನೆಯ ಅನುಸೂಚಿಯಲ್ಲೇ ಇದರ ನಮೂನೆ ಇದೆ. ಎರಡು ಭಾಗ. ಭಾಗ ಎ ತುಂಬಿ ಸಹಿ ಹಾಕಬೇಕಾದವರು ಆ ಯಂತ್ರ ನೋಡಿಕೊಳ್ಳುವವರು, ಅಂದರೆ ಅಂಗಡಿ ಮಾಲೀಕರು ಅಥವಾ ವ್ಯವಸ್ಥಾಪಕರು. ಭಾಗ ಬಿ ತಜ್ಞರದ್ದು. ಭಾಗ ಬಿಗೆ ಯಾರ ಸಹಿ ಪಡೆಯಬೇಕು ಎಂದು ವಕೀಲರನ್ನು ಕೇಳಿ. ಪೊಲೀಸರೇ ವಶಪಡಿಸಿಕೊಂಡಿದ್ದರೆ ಪ್ರಮಾಣಪತ್ರವೂ ಅವರ ಕಡೆಯಿಂದಲೇ ಆಗಿದೆಯೇ ಎಂದು ದೋಷಾರೋಪ ಪಟ್ಟಿಯ ಪ್ರತಿಯಲ್ಲಿ ನೋಡಿ.

ಎರಡೂ ಭಾಗದಲ್ಲಿ ಹ್ಯಾಶ್ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ, ಅಕ್ಷರ ಮತ್ತು ಅಂಕಿಗಳ ಒಂದು ಉದ್ದ ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಎಸ್‌ಎಚ್‌ಎ 256 ಎಂಬ ವಿಧಾನ ಬಳಸಿ. ವಿಂಡೋಸ್ ಕಂಪ್ಯೂಟರಿನಲ್ಲಿ ಸರ್ಟ್‌ಯುಟಿಲ್ ಎಂಬ ಸೌಲಭ್ಯ ಮೊದಲೇ ಇರುತ್ತದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಕಾಪಿ ತೆಗೆದ ದಿನವೇ, ಮಾಲೀಕರ ಮುಂದೆಯೇ ಹ್ಯಾಶ್ ತೆಗೆದು ಬರೆದಿಡಿ. ತಿಂಗಳಾದ ಮೇಲೆ ತೆಗೆದರೆ ನಡುವೆ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಸಹಿ ಬೇಗ ಹಾಕಿಸಿಕೊಳ್ಳಿ. ವ್ಯವಸ್ಥಾಪಕರು ಕೆಲಸ ಬಿಡುತ್ತಾರೆ, ಅಂಗಡಿ ಕೈ ಬದಲಾಗುತ್ತದೆ.

ನಿಮ್ಮದೇ ಡ್ಯಾಶ್‌ಕ್ಯಾಮ್ ಅಥವಾ ಫೋನ್ ಆಗಿದ್ದರೆ ಸ್ವಲ್ಪ ಸುಲಭ. ಮೂಲ ಸಾಧನವನ್ನೇ ತಂದು, ಅದರ ಮಾಲೀಕರೇ ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹಳೆಯ 65ಬಿ ಬಗ್ಗೆ ಹೇಳಿದೆ. ಹಂತ 2ರಲ್ಲಿ ಕಾರ್ಡನ್ನು ಮುಟ್ಟದೆ ಇಡಿ ಎಂದದ್ದು ಇದಕ್ಕೇ. ಆದರೂ ಪ್ರಮಾಣಪತ್ರ ಮಾಡಿಸಿಡುವುದು ಕ್ಷೇಮ.

## ಹಂತ 10: ನ್ಯಾಯಮಂಡಳಿಯಲ್ಲಿ

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸ ಇರುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೂ ಹಾಕಬಹುದು. ದಾಖಲೆಗಳ ಪಟ್ಟಿಯಲ್ಲಿ ಪೆನ್‌ಡ್ರೈವ್, ಪ್ರಮಾಣಪತ್ರ, ಗಡಿಯಾರದ ಫೋಟೊ, ಸೀಲ್ ಇರುವ ಪತ್ರಗಳು ಎಲ್ಲವನ್ನೂ ಸೇರಿಸಲು ವಕೀಲರಿಗೆ ಹೇಳಿ.

ಯಾರಾದರೂ ವಿಡಿಯೊ ಇಟ್ಟುಕೊಂಡೂ ಕೊಡದಿದ್ದರೆ ಈಗ ದಾರಿ ಇದೆ. ಮೋಟಾರು ವಾಹನ ಕಾಯ್ದೆಯ ಕಲಂ 169ರ ಪ್ರಕಾರ ದಾಖಲೆ ತರಿಸಲು, ಸಾಕ್ಷಿ ಕರೆಸಲು ನ್ಯಾಯಮಂಡಳಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಸಮನ್ಸ್‌ಗೆ ಅರ್ಜಿ ಹಾಕಿಸಿ. ಹಂತ 5ರಲ್ಲಿ ಕೊಟ್ಟ ಪತ್ರದ ಬೆಲೆ ಗೊತ್ತಾಗುವುದು ಇಲ್ಲಿ. ಈ ತಾರೀಖಿಗೆ ಪತ್ರ ಮುಟ್ಟಿತ್ತು, ಆಗ ದೃಶ್ಯ ಇತ್ತು ಎಂದು ತೋರಿಸಬಹುದು. ಪತ್ರವೇ ಇಲ್ಲದಿದ್ದರೆ "ನಮಗೆ ಯಾರೂ ಹೇಳಿರಲಿಲ್ಲ" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು.

ವಿಡಿಯೊ ಇದೆ ಎಂದು ವೈದ್ಯಕೀಯ ದಾಖಲೆ ಕಡೆಗಣಿಸಬೇಡಿ. ತಪ್ಪು ಯಾರದ್ದು ಎಂದು ಹೇಳುವುದಷ್ಟೇ ವಿಡಿಯೊದ ಕೆಲಸ. ಎಷ್ಟು ಪರಿಹಾರ ಎಂದು ಹೇಳುವುದು ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಅಂಗವೈಕಲ್ಯದ ಬಗ್ಗೆ ಡಾಕ್ಟರ ಸಾಕ್ಷ್ಯ, ಸಂಬಳದ ದಾಖಲೆ.

ವಿಡಿಯೊ ತೋರಿಸುವ ದಿನ ಲ್ಯಾಪ್‌ಟಾಪ್ ಚಾರ್ಜ್ ಮಾಡಿ ಒಯ್ಯಿರಿ. ಹಿಂದಿನ ರಾತ್ರಿ, ನಿಮ್ಮ ಹತ್ತಿರ ಇಟ್ಟುಕೊಂಡ ಎರಡನೇ ಕಾಪಿಯನ್ನು ಅದರಲ್ಲೇ ಓಡಿಸಿ ನೋಡಿ. ಪ್ಲೇಯರ್ ತೆರೆಯುತ್ತದೆಯೇ, ಗುದ್ದುವ ಕ್ಷಣ ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡಿನಲ್ಲಿದೆ, ಸಿಗ್ನಲ್ ಎಲ್ಲಿ ಕಾಣುತ್ತದೆ, ಒಂದು ಚೀಟಿಯಲ್ಲಿ ಬರೆದು ವಕೀಲರ ಕೈಗೆ ಕೊಡಿ. ದಾಖಲೆಯಾಗಿ ಹಾಜರುಪಡಿಸುವ, ಸೀಲ್ ಮಾಡಿಟ್ಟ ಮೊದಲ ಪೆನ್‌ಡ್ರೈವನ್ನು ಮಾತ್ರ ನ್ಯಾಯಮಂಡಳಿಯ ಮುಂದೆಯೇ ತೆರೆಯಬೇಕು.